ಮೂರು ಮಡಿಕೆಯ ಹಾಳೆ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಇಂಗ್ಲಿಷ್ ಮಿಸ್ ಉಡುತ್ತಿದ್ದ ಸೀರೆಯ ಬಣ್ಣ, ಅರ್ಜಿ ಬರೆದದ್ದು ಸೋಮವಾರವೋ ಮಂಗಳವಾರವೋ, ನೋಟ್‌ಬುಕ್ಕನ್ನು ದೊಡ್ಡಪ್ಪ ಕಿತ್ತುಕೊಂಡರೋ ನಾನೇ ಕೊಟ್ಟೆನೋ... ಇಂಥವು. ಹದಿನೇಳು ವರ್ಷಗಳಿಂದ ಈ ಸಂಗತಿಯನ್ನು ಎಷ್ಟು ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆಂದರೆ, ನಡೆದದ್ದು ಎಲ್ಲಿ ಮುಗಿಯಿತು, ನಾನು ಸೇರಿಸಿಕೊಂಡದ್ದು ಎಲ್ಲಿ ಶುರುವಾಯಿತು ಎಂದು ಖಚಿತವಾಗಿ ಹೇಳಲಾರೆ. ದಿನಚರಿ ಬರೆಯುವ ಅಭ್ಯಾಸ ನನಗೆ ಆಮೇಲೆ ಬಂದದ್ದು. ಆ ವರ್ಷದ ಒಂದು ಪುಟವೂ ನನ್ನ ಬಳಿ ಇಲ್ಲ. ಸಿಟ್ಟು ಮಾತ್ರ ಇದೆ. ಅದರ ಬಗ್ಗೆ ನನಗೆ ಅನುಮಾನವಿಲ್ಲ.

ಕಳೆದ ತಿಂಗಳು ಚಿಕ್ಕಬಳ್ಳಾಪುರದಲ್ಲಿ ಇಂಗ್ಲಿಷ್ ಶಿಕ್ಷಕರಿಗೆ ಮೂರು ದಿನದ ತರಬೇತಿ ಇತ್ತು. ನಾನು ಶಿಡ್ಲಘಟ್ಟದ ಕಡೆ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಎರಡನೆಯ ದಿನ ತರಬೇತಿ ಕೊಡುವವರು ನಮಗೆಲ್ಲ ಒಂದೊಂದು ಬಿಳಿ ಹಾಳೆ ಹಂಚಿದರು. ಮನೆಯಲ್ಲಿ ಬೇರೆ ಮಾತಾಡುವ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಹೊಸ ವಿಧಾನವೊಂದು ಬಂದಿದೆ, ಹಾಳೆಯನ್ನು ಉದ್ದಕ್ಕೆ ಮೂರಾಗಿ ಮಡಚಿ ಎಂದರು. ಅವರು ಹೇಳಿ ಮುಗಿಸುವ ಮೊದಲೇ ನನ್ನ ಕೈ ಮಡಚಿ, ಮಡಿಕೆಯ ಮೇಲೆ ಉಗುರು ಎಳೆದಿತ್ತು. ಪಕ್ಕದಲ್ಲಿದ್ದ ಗೌರಿಬಿದನೂರಿನ ಮೇಷ್ಟ್ರು ನಕ್ಕು, "ಏನ್ ಮೇಡಂ, ನಿಮ್ಗೆ ಪೇಪರ್ ಮೊದ್ಲೇ ಲೀಕ್ ಆಗಿತ್ತಾ?" ಎಂದರು.

ಮೊದಲ ಕಾಲಮ್ಮಿನಲ್ಲಿ ಮನೆಮಾತು, ಎರಡನೆಯದರಲ್ಲಿ ಕನ್ನಡ, ಮೂರನೆಯದರಲ್ಲಿ ಇಂಗ್ಲಿಷ್. ಪರದೆಯ ಮೇಲೆ ಅದರ ಬಣ್ಣದ ಚಿತ್ರ ಬಂತು. ಎಲ್ಲರೂ ಮೊಬೈಲ್ ಎತ್ತಿ ಫೋಟೊ ತೆಗೆದುಕೊಂಡರು. ನಾನು ಆ ಮಡಚಿದ ಹಾಳೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದೆ. ಈ ಹೊಸ ವಿಧಾನಕ್ಕಾಗಿಯೇ ಒಬ್ಬ ಹೆಂಗಸನ್ನು ನಮ್ಮೂರಿನಿಂದ ಓಡಿಸಿದ್ದರು. ಓಡಿಸಿದ ಕಾಗದವನ್ನು ನನ್ನ ಕೈಯಲ್ಲಿ ಬರೆಸಿದ್ದರು.

ಆಗ ನಾನು ಒಂಬತ್ತನೇ ತರಗತಿ. ಚಿಂತಾಮಣಿಯಿಂದ ಮುರುಗಮಲ್ಲಕ್ಕೆ ಹೋಗುವ ದಾರಿಯಲ್ಲಿ ನಮ್ಮೂರು. ಅಪ್ಪ ತೀರಿಕೊಂಡ ಮೇಲೆ ನಾನೂ ಅಮ್ಮನೂ ದೊಡ್ಡಪ್ಪನ ಮನೆಯಲ್ಲಿದ್ದೆವು. ದೊಡ್ಡಪ್ಪ ಚಿಂತಾಮಣಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಅವರ ಮಗಳು ನನಗಿಂತ ಒಂದೂವರೆ ವರ್ಷ ದೊಡ್ಡವಳು, ಅದೇ ಶಾಲೆಯಲ್ಲಿ ಹತ್ತನೇ ತರಗತಿಯಲ್ಲಿದ್ದಳು. ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಕರೆಯುತ್ತೇನೆ. ಮನೆಯೊಳಗೆ ನಮ್ಮದು ತೆಲುಗು, ಹೊಸ್ತಿಲು ದಾಟಿದರೆ ಕನ್ನಡ. ಇಂಗ್ಲಿಷ್ ಇದ್ದದ್ದು ಕಪ್ಪು ಹಲಗೆಯ ಮೇಲೆ ಮಾತ್ರ. ಅಲ್ಲಿಂದ ಅದನ್ನು ನೋಟ್‌ಬುಕ್ಕಿಗೆ ಇಳಿಸಿ, ಬಾಯಿಪಾಠ ಮಾಡಿ, ಪರೀಕ್ಷೆಯ ದಿನ ಹಾಗೇ ಹಿಂದಕ್ಕೆ ಕೊಡುತ್ತಿದ್ದೆವು. ಒಂದು ಪುಟ ಉತ್ತರ ಬರೆದವರಿಗೂ ಪಾಠ ಮನುಷ್ಯನದೋ ಕುದುರೆಯದೋ ಗೊತ್ತಿರುತ್ತಿರಲಿಲ್ಲ.

ಅಂಥ ಶಾಲೆಗೆ ಜೂನ್‌ನಲ್ಲಿ ಇಂಗ್ಲಿಷ್ ಮಿಸ್ ಬಂದರು. ತುಮಕೂರು ಕಡೆಯವರು, ಚಿಂತಾಮಣಿಯಲ್ಲಿ ಬಾಡಿಗೆ ಮನೆ ಮಾಡಿದ್ದರು. ಎತ್ತರಕ್ಕಿದ್ದರು, ಕನ್ನಡಕ ಸದಾ ಮೂಗಿನಿಂದ ಜಾರುತ್ತಿತ್ತು. ನೀಲಿ ಸೀರೆ ಎಂದು ನನ್ನ ನೆನಪು, ಅಕ್ಕ ಹಸಿರು ಎನ್ನುತ್ತಾಳೆ. ಮೊದಲ ವಾರ ಅವರು ನನಗೆ ಇಂಗ್ಲಿಷ್‌ನಲ್ಲಿ ಬಾಗಿಲು ಹಾಕಲು ಹೇಳಿದರು. ನಾನು ಎದ್ದು ನಿಂತು "ಯೆಸ್ ಮಿಸ್" ಎಂದು ಹೇಳಿ ಕೂತುಬಿಟ್ಟೆ. ಪಕ್ಕದವಳಿಗೆ ಹೇಳಿದರು, ಅವಳೂ ಹಾಗೇ ಮಾಡಿದಳು. ಬಾಗಿಲು ತೆರೆದೇ ಇತ್ತು. ಮಿಸ್ ಪುಸ್ತಕ ಮುಚ್ಚಿ ಕನ್ನಡದಲ್ಲಿ ಪಾಠ ವಿವರಿಸತೊಡಗಿದರು. ಆಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಹಿಂದಕ್ಕೆ ತಿರುಗಿ, ಮಿಸ್ ಹೇಳಿದ ಕನ್ನಡ ಪದಕ್ಕೆ ಏನರ್ಥ ಎಂದು ನನ್ನನ್ನು ತೆಲುಗಿನಲ್ಲಿ ಮೆಲ್ಲಗೆ ಕೇಳಿದಳು. ಮಿಸ್‌ಗೆ ಕೇಳಿಸಿತು. ಬೈಯುತ್ತಾರೆಂದು ನಾವು ತಲೆ ತಗ್ಗಿಸಿದೆವು. ಅವರು ಬಂದು ಬೆಂಚಿನ ತುದಿಯಲ್ಲಿ ಕೂತು, ಅವಳು ಏನು ಕೇಳಿದಳು, ನೀನು ಏನು ಹೇಳಿದೆ ಎಂದು ವಿಚಾರಿಸಿದರು. ಕುತೂಹಲದಿಂದ ಕೇಳಿದರು ಅಷ್ಟೇ. ಮರುದಿನ ಹಾಳೆ ಮಡಚುವುದು ಶುರುವಾಯಿತು.

ಬೆಳಿಗ್ಗೆ ಎಂಟು ಗಂಟೆಗೆ, ಶಾಲೆಯ ಗಂಟೆ ಹೊಡೆಯುವುದಕ್ಕೂ ಮೊದಲು, ಒಂಬತ್ತು ಮತ್ತು ಹತ್ತನೇ ತರಗತಿಯ ಹಿಂದುಳಿದ ಮಕ್ಕಳಿಗೆ ಅವರು ಒಂದು ಗಂಟೆ ಹೆಚ್ಚಿಗೆ ಪಾಠ ಮಾಡುತ್ತಿದ್ದರು. ಅದಕ್ಕೆಂದು ಚಿಂತಾಮಣಿಯಿಂದ ಮೊದಲ ಬಸ್ಸಿಗೇ ಹೊರಡಬೇಕಿತ್ತು. ಮುರುಗಮಲ್ಲದ ದರ್ಗಾಕ್ಕೆ ಹೋಗುವವರು ತುಂಬಿದ ದಿನ ನಿಂತುಕೊಂಡೇ ಬಂದು, ಇಳಿದ ಮೇಲೆ ಸೆರಗಿನ ಸುಕ್ಕು ಸರಿಮಾಡಿಕೊಳ್ಳುತ್ತಿದ್ದರು. ಅವರ ನಿಯಮ ಒಂದೇ. ನಿನ್ನೆ ಮನೆಯಲ್ಲಿ ಕಿವಿಗೆ ಬಿದ್ದ ಹತ್ತು ಮಾತುಗಳನ್ನು ಮೊದಲ ಕಾಲಮ್ಮಿನಲ್ಲಿ ಇದ್ದಹಾಗೇ, ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬರಬೇಕು. ಎರಡನೆಯ ಕಾಲಂ ನಾವೇ ತುಂಬಬೇಕು. ಮೂರನೆಯದನ್ನು ಅವರೂ ನಾವೂ ಸೇರಿ. ಹಾಲು ಉಕ್ಕಿಹೋಯಿತು, ಹಸು ಒದೆಯಿತು, ಕರೆಂಟು ಬಂತು ಮೋಟರ್ ಹಾಕು... ಇವು ನಮ್ಮ ಮೊದಲ ಇಂಗ್ಲಿಷ್ ವಾಕ್ಯಗಳು. ಉರ್ದು ಮನೆಯ ಹುಡುಗಿಯೊಬ್ಬಳು ತನ್ನ ಅಜ್ಜಿ ಬೈದದ್ದನ್ನೆಲ್ಲ ಸಾಲಾಗಿ ಬರೆದು ತಂದಿದ್ದಳು. ಮಿಸ್ ಅದಕ್ಕೂ ಇಂಗ್ಲಿಷ್ ಹುಡುಕಿಕೊಟ್ಟರು. ಬರೆದ ಹಾಳೆಗಳನ್ನು ಪ್ರತಿಯೊಬ್ಬರೂ ನೋಟ್‌ಬುಕ್ಕಿಗೆ ಅಂಟಿಸಿ ಇಟ್ಟುಕೊಳ್ಳಬೇಕಿತ್ತು.

ಅವರಿಗೆ ತೆಲುಗು ಬರುತ್ತಿರಲಿಲ್ಲ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ನಮ್ಮ ಮೊದಲ ಕಾಲಮ್ಮಿನಿಂದ ಅವರೇ ಕಲಿಯುತ್ತಿದ್ದರು. ಒಮ್ಮೆ ಬಿಸಿಯೂಟದ ಅಜ್ಜಿಯನ್ನು "ಇಟ್ಲ ರಾವೇ" ಎಂದು ಕರೆದುಬಿಟ್ಟರು. ಅದು ನಾವು ಹುಡುಗಿಯರು ನಮ್ಮನಮ್ಮಲ್ಲಿ ಇತ್ತ ಬಾರೇ ಎಂದು ಕರೆದುಕೊಳ್ಳುವ ರೀತಿ. ಅಜ್ಜಿ ಸೌಟು ಹಿಡಿದುಕೊಂಡೇ ನಕ್ಕು ನಕ್ಕು, "ವಸ್ತಾನಮ್ಮಾ, ವಸ್ತಾನು" ಎಂದು ಓಡಿಬಂದರು. ಇಂಗ್ಲಿಷ್ ಕಲಿಸಲು ಬಂದು ತೆಲುಗು ಕಲಿಯುತ್ತಿದ್ದೀರಲ್ಲ ಎಂದು ಬೇರೆ ಮೇಷ್ಟ್ರುಗಳು ಛೇಡಿಸಿದರೆ, "ಫೀಸಿಲ್ದೆ ಕಲಿಸ್ತಾರೆ ಸರ್, ಬಿಡೋಕಾಗುತ್ತಾ?" ಎನ್ನುತ್ತಿದ್ದರು.

ಅಕ್ಕನ ವಿಷಯ ಹೇಳಬೇಕು. ಓದಿನಲ್ಲಿ ಅವಳು ನನಗಿಂತ ಹಿಂದೆ. ಇಂಗ್ಲಿಷ್‌ನಲ್ಲಿ ಒಮ್ಮೆಯೂ ಪಾಸಾದವಳಲ್ಲ. ದೀಪಾವಳಿಯ ಹೊತ್ತಿಗೆ ಅವಳು ಅಂಗಡಿಯ ಬೋರ್ಡುಗಳನ್ನು ಓದತೊಡಗಿದಳು. ಅರ್ಥವಾಗದ್ದನ್ನು ಅಂಗೈ ಮೇಲೆ ಬರೆದುಕೊಂಡು ಬಂದು ಮಿಸ್‌ಗೆ ತೋರಿಸುತ್ತಿದ್ದಳು. ಒಂದು ದಿನ ಮನೆಯಲ್ಲಿ ನಮ್ಮಜ್ಜಿ ಕಣ್ಣಿಗೆಂದು ಔಷಧಿಯ ಶೀಶೆ ಬಗ್ಗಿಸುವಾಗ ಅಕ್ಕ ಕೈ ಹಿಡಿದು ನಿಲ್ಲಿಸಿದಳು. ಶೀಶೆಯ ಮೇಲೆ ಇಂಗ್ಲಿಷ್‌ನಲ್ಲಿ ಕಿವಿಗೆ ಎಂದಿತ್ತು. ಔಷಧಿ ತಂದಿದ್ದವರು ದೊಡ್ಡಪ್ಪನೇ. ಅವರು ಆ ದಿನ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನಾಲ್ಕು ಜನರ ಮುಂದೆ ಮಗಳನ್ನು ಹೊಗಳಿದ್ದು ನನಗೆ ಗೊತ್ತು. ಇದನ್ನೂ ಬರೆಯಬೇಕು. ಬರೆಯದಿದ್ದರೆ ನನ್ನ ಸಿಟ್ಟು ಸುಳ್ಳಿನ ಮೇಲೆ ನಿಂತಂತಾಗುತ್ತದೆ.

ಸಂಕ್ರಾಂತಿ ಆದ ಮೇಲೆ ಇರಬೇಕು, ಒಂದು ಸಂಜೆ ನಾನು ಹಿತ್ತಲಿನಲ್ಲಿ ಅವರೆಕಾಯಿ ಸುಲಿಯುತ್ತಾ ಮರುದಿನದ ಹಾಳೆಗೆ ಮಾತುಗಳನ್ನು ಲೆಕ್ಕ ಹಾಕುತ್ತಿದ್ದೆ. ಒಂಬತ್ತಾಗಿತ್ತು, ಇನ್ನೊಂದು ಬೇಕಿತ್ತು. ಒಳಗೆ ದೊಡ್ಡಪ್ಪ ದೊಡ್ಡಮ್ಮನಿಗೆ ಹೇಳುತ್ತಿದ್ದರು, "ಈ ಏಡೇ ದಾನಿ ಪೆಂಡ್ಲಿ ಚೇಸೇಸ್ತಾಮು. ಪರೀಕ್ಷಲು ಎವರಿಕಿ ಕಾವಾಲ?" ಜಂಗಮಕೋಟೆಯ ಕಡೆಯ, ರೇಷ್ಮೆ ಹುಳು ಸಾಕುವ ಒಂದು ಮನೆಯಿಂದ ಅಕ್ಕನಿಗೆ ಸಂಬಂಧ ಬಂದಿತ್ತು. ಅವರು ಕಾಯುವುದಿಲ್ಲ ಎಂದಿದ್ದರಂತೆ. ಅಕ್ಕನಿಗೆ ಆಗ ಹದಿನಾರು.

ನಾನು ಅದನ್ನು ಬರೆದೆ. ಅಕ್ಕನನ್ನು ಉಳಿಸಲೆಂದು ಬರೆದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಹತ್ತನೆಯ ಮಾತು ಬೇಕಿತ್ತು, ಸಿಕ್ಕಿತು, ಬರೆದೆ. ಎರಡನೆಯ ಕಾಲಮ್ಮಿನಲ್ಲಿ, ಈ ವರ್ಷವೇ ಅವಳ ಮದುವೆ ಮಾಡಿಬಿಡ್ತೀವಿ, ಪರೀಕ್ಷೆ ಯಾರಿಗೆ ಬೇಕು. ಮೂರನೆಯದರಲ್ಲಿ ನಾನೇ ಕಷ್ಟಪಟ್ಟು, "ದಿಸ್ ಇಯರ್ ವಿ ವಿಲ್ ಫಿನಿಷ್ ಹರ್ ಮ್ಯಾರೇಜ್, ಹೂ ವಾಂಟ್ಸ್ ಎಕ್ಸಾಮ್." ಯಾರ ಸಹಾಯವೂ ಇಲ್ಲದೆ ನಾನು ಬರೆದ ಮೊದಲ ಉದ್ದದ ವಾಕ್ಯ ಅದು. ಶಹಬ್ಬಾಸ್ ಎನ್ನುತ್ತಾರೆಂದು ಕಾದಿದ್ದೆ.

ಮಿಸ್ ಕೆಂಪು ಪೆನ್ನು ಹಿಡಿದು ಓದುತ್ತಾ ಬಂದು, ಅಲ್ಲಿ ನಿಂತರು. ಪೆನ್ನನ್ನು ಮುಚ್ಚಿದರು. "ಇದು ಯಾರ ಮದ್ವೆಯಮ್ಮಾ?" ಎಂದರು. ನಾನು ಹಿಂದಿನ ಬೆಂಚಿನತ್ತ ನೋಡಿದೆ. ಅಕ್ಕ ತನ್ನ ಹಾಳೆಯ ಮೇಲೆ ಬಾಗಿ ಬರೆಯುತ್ತಿದ್ದಳು.

ಆ ಭಾನುವಾರ ಮಿಸ್ ನಮ್ಮ ಮನೆಗೆ ಬಂದರು. ದೊಡ್ಡಪ್ಪ ಎದ್ದು ನಿಂತು, ಕುರ್ಚಿ ಹಾಕಿಸಿ, ಕಾಫಿ ತರಿಸಿದರು. ಅವರು ಹೊರಗಿನವರೊಡನೆ ಆಡುವ ಕನ್ನಡ ಬಹಳ ಚೆನ್ನಾಗಿರುತ್ತಿತ್ತು. ಶಾಲೆಯ ಬಗ್ಗೆ, ಬಸ್ಸಿನ ಬಗ್ಗೆ ಮಾತಾಯಿತು. ಆಮೇಲೆ ಮಿಸ್ ವಿಷಯಕ್ಕೆ ಬಂದರು. ಅಂಥದ್ದೇನೂ ಇಲ್ಲ, ಯಾರೋ ಆಗದವರು ಹೇಳಿರಬೇಕು ಎಂದು ದೊಡ್ಡಪ್ಪ ನಕ್ಕರು. ಯಾರು ಹೇಳಿದರು ಎಂದು ಎರಡು ಸಲ ಕೇಳಿದರು. ಮಿಸ್ ಹೇಳಲಿಲ್ಲ. ಕಾಫಿ ಲೋಟ ಕೆಳಗಿಟ್ಟು, "ಹುಡುಗಿಗೆ ಹದಿನೆಂಟಾಗಿಲ್ಲ ಸರ್. ಪರೀಕ್ಷೆ ಬರೀಲಿ. ಇಲ್ಲಾಂದ್ರೆ ನಾನು ಆಫೀಸಿಗೆ ಬರ್ದು ತಿಳಿಸ್ಬೇಕಾಗುತ್ತೆ" ಎಂದಷ್ಟೇ ಹೇಳಿದರು. ದೊಡ್ಡಪ್ಪ ಅವರನ್ನು ಗೇಟಿನವರೆಗೆ ಬಿಟ್ಟುಬಂದರು. ಸರ್ಕಾರಿ ನೌಕರಿಯಲ್ಲಿದ್ದವರಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾವು ದಿನವೂ ಮನೆಯ ಮಾತು ಬರೆದೊಯ್ಯುವುದು ದೊಡ್ಡಪ್ಪನಿಗೆ ಗೊತ್ತಿತ್ತು. ಆಮೇಲಿನದು ನನಗೆ ಎರಡು ಬಗೆಯಾಗಿ ನೆನಪಿದೆ. ಒಂದರಲ್ಲಿ ದೊಡ್ಡಪ್ಪ ನನ್ನ ಚೀಲ ಎಳೆದು, ನೆಲಕ್ಕೆ ಸುರಿದು, ನೋಟ್‌ಬುಕ್ ಹುಡುಕುತ್ತಾರೆ. ಇನ್ನೊಂದರಲ್ಲಿ ಅವರು ಸುಮ್ಮನೆ ಕೈ ಚಾಚುತ್ತಾರೆ, ನಾನೇ ತೆಗೆದು ಕೊಡುತ್ತೇನೆ... ಎರಡನೆಯದೇ ನಿಜ ಎಂದು ನನ್ನ ಭಯ.

ಅವರು ಹೊಡೆಯಲಿಲ್ಲ. ಮರುದಿನವೋ ಅದರ ಮರುದಿನವೋ ಕಚೇರಿಯಿಂದ ಬೇಗ ಬಂದು, ನನ್ನನ್ನು ಕರೆದು, ಎದುರಿಗೆ ಕೂರಿಸಿಕೊಂಡು, ಗೆರೆಯಿಲ್ಲದ ಬಿಳಿ ಹಾಳೆ ಕೊಟ್ಟರು. ಕನ್ನಡದಲ್ಲಿ ಮಾತಾಡಿದರು. ನಮ್ಮ ಮನೆಯೊಳಗೆ ದೊಡ್ಡಪ್ಪ ಕನ್ನಡದಲ್ಲಿ ಮಾತಾಡಿದರೆ ಸಿಟ್ಟು ನಿಜವಾದದ್ದು ಎಂದು ಎಲ್ಲರಿಗೂ ಗೊತ್ತಿತ್ತು.

"ಮನೇಲಿ ಆಡಿದ ಮಾತು ಬರೆಯೋದು ಕಲ್ತಿದೀಯಲ್ಲಮ್ಮ. ಇದನ್ನೂ ಬರಿ."

ಬರೆದೆ. ಮಾನ್ಯರೆ ಎಂದು ಶುರುವಾಯಿತು. ಈ ಶಿಕ್ಷಕಿಯು ಮಕ್ಕಳಿಗೆ ಇಂಗ್ಲಿಷ್ ಬೋಧಿಸದೆ ಕನ್ನಡ ನಾಡಿನ ಸರ್ಕಾರಿ ಶಾಲೆಯಲ್ಲಿ ತೆಲುಗನ್ನು ಕಲಿಸುತ್ತಿದ್ದಾರೆ. ಪಾಠದ ನೆಪದಲ್ಲಿ ಮರ್ಯಾದಸ್ಥರ ಮನೆಯೊಳಗಿನ ವಿಷಯಗಳನ್ನು ಮಕ್ಕಳಿಂದ ಬರೆಸಿಕೊಳ್ಳುತ್ತಿದ್ದಾರೆ. ಹತ್ತನೇ ತರಗತಿಯ ಮಕ್ಕಳ ಭವಿಷ್ಯ ಹಾಳಾಗುತ್ತಿದೆ. ದಯವಿಟ್ಟು ಕೂಡಲೇ ಕ್ರಮ ಕೈಗೊಳ್ಳಬೇಕಾಗಿ ಪೋಷಕರ ವಿನಂತಿ. ಎಲ್ಲಿ ಪೂರ್ಣವಿರಾಮ, ಎಲ್ಲಿ ಹೊಸ ಸಾಲು ಎಂದು ದೊಡ್ಡಪ್ಪ ತಾಳ್ಮೆಯಿಂದ ಹೇಳುತ್ತಿದ್ದರು. ಅಮ್ಮ ಬಾಗಿಲ ಬಳಿ ನಿಂತಿದ್ದಳು. ಅಕ್ಕ ಮನೆಯಲ್ಲಿ ಇದ್ದಳೋ ಇಲ್ಲವೋ ನೆನಪಿಲ್ಲ.

ಮೂವತ್ತು ವರ್ಷ ಅರ್ಜಿ ಬರೆದು ಕೈ ಪಳಗಿದ ಗುಮಾಸ್ತರು ಹದಿನಾಲ್ಕು ವರ್ಷದವಳ ಕೈಯಲ್ಲಿ ಯಾಕೆ ಬರೆಸಿದರು ಎಂಬುದು ನನಗೆ ಹೊಳೆದದ್ದು ಕಾಲೇಜಿಗೆ ಬಂದ ಮೇಲೆ. ತಾಲ್ಲೂಕಿನ ಪ್ರತಿ ಕಚೇರಿಯಲ್ಲೂ ಅವರ ಅಕ್ಷರ ಗುರುತಿಸುವವರಿದ್ದರು. ಕೆಳಗೆ ಊರಿನ ಇಪ್ಪತ್ತು ಜನರ ಸಹಿ, ಹೆಬ್ಬೆಟ್ಟು ಇದ್ದವು. ಮಕ್ಕಳಿಗೆ ಇಂಗ್ಲಿಷ್ ಬರಲೆಂದು ಅರ್ಜಿ ಎಂದು ಹೇಳಿದ್ದರಂತೆ, ಎಲ್ಲರೂ ಸಂತೋಷದಿಂದ ಒತ್ತಿದ್ದರು. ದೊಡ್ಡಪ್ಪನ ಒಂದು ಅಕ್ಷರವಾಗಲಿ ಸಹಿಯಾಗಲಿ ಅದರಲ್ಲಿರಲಿಲ್ಲ.

ವಿಚಾರಣೆಗೆ ಬಂದವರು ಬೆಳಗಿನ ತರಗತಿಯ ನೋಟ್‌ಬುಕ್ಕುಗಳನ್ನು, ದೊಡ್ಡಪ್ಪ ಆ ಒಂದು ಹಾಳೆ ಹರಿದು ಹಿಂದಕ್ಕೆ ಕೊಟ್ಟಿದ್ದ ನನ್ನದನ್ನೂ ಸೇರಿಸಿ, ತರಿಸಿ ನೋಡಿದರು. ಮೊದಲ ಕಾಲಂ ಪೂರ್ತಿ ತೆಲುಗು, ನಡುನಡುವೆ ಉರ್ದು. ಇನ್ನೇನು ಬೇಕಿತ್ತು? ಮೂರನೆಯ ಕಾಲಮ್ಮನ್ನು ಅವರು ಓದಲಿಲ್ಲ ಎಂದೇ ನನ್ನ ನಂಬಿಕೆ, ಆದರೆ ನಾನು ಆಗ ಕೋಣೆಯ ಹೊರಗಿದ್ದೆ. ವಾರದೊಳಗೆ ಮಿಸ್‌ಗೆ ವರ್ಗವಾಯಿತು.

ಹೋಗುವ ದಿನ ಅವರು ನನ್ನನ್ನು ಸ್ಟಾಫ್‌ರೂಮಿಗೆ ಕರೆಸಿದರು. ಮೇಜಿನ ಮೇಲೆ ನನ್ನ ನೋಟ್‌ಬುಕ್ ಇತ್ತು, ಅದರ ಪಕ್ಕದಲ್ಲಿ ಅರ್ಜಿಯ ಪ್ರತಿ. ಏಳು ತಿಂಗಳು ದಿನವೂ ತಿದ್ದಿದ ಅಕ್ಷರ. ಅದನ್ನು ಅವರು ಗುರುತಿಸದೆ ಇರುವ ಸಾಧ್ಯತೆಯೇ ಇರಲಿಲ್ಲ. ನಾನು ಅಳತೊಡಗಿದೆ. ಅವರು ಅರ್ಜಿಯನ್ನು ಮಡಚಿ ನೋಟ್‌ಬುಕ್ಕಿನೊಳಗಿಟ್ಟರು. ಕನ್ನಡಕ ತೆಗೆದು ಒರೆಸಿಕೊಂಡು, "ನಿಮ್ಮಕ್ಕನ್ನ ಪರೀಕ್ಷೆಗೆ ಕೂರಿಸು. ಅದೊಂದು ಮಾಡಮ್ಮ" ಎಂದರು.

ಅದೊಂದನ್ನು ನಾನು ಮಾಡಲಿಲ್ಲ. ಮಾರ್ಚ್‌ನಲ್ಲಿ, ಪರೀಕ್ಷೆಗೆ ಹತ್ತು ದಿನ ಇರುವಾಗ, ಗಡಿಯಾಚೆ ಆಂಧ್ರದ ಒಂದು ಸಣ್ಣ ದೇವಸ್ಥಾನದಲ್ಲಿ ಅಕ್ಕನ ಮದುವೆಯಾಯಿತು. ಪತ್ರಿಕೆ ಹಂಚಲಿಲ್ಲ, ವಾಲಗ ಇರಲಿಲ್ಲ. ಹಾಲ್ ಟಿಕೆಟ್ ಬಂದಿತ್ತು. ಅದರಲ್ಲಿ ಅವಳ ಫೋಟೊ, ಎರಡು ಜಡೆ... ಅದನ್ನು ನಾನು ಮುಖ್ಯೋಪಾಧ್ಯಾಯರಿಂದ ಇಸಿದುಕೊಂಡು ಬಂದು ಯಾರಿಗೂ ಕೊಡದೆ ಇಟ್ಟುಕೊಂಡೆ. ಉಳಿದ ಮಕ್ಕಳಿಗೆ ಗಣಿತದ ಮೇಷ್ಟ್ರು ಗೈಡ್ ನೋಡಿ ಇಂಗ್ಲಿಷ್ ಉತ್ತರಗಳನ್ನು ಬರೆಸಿದರು. ಬೆಳಗಿನ ತರಗತಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಇಂಗ್ಲಿಷ್ ಒಂದರಲ್ಲೇ ಫೇಲಾದರು. ಊರಿನಲ್ಲಿ ಮಾತು ಹೀಗಾಯಿತು: ಆ ತೆಲುಗು ಮೇಡಂ ಮಕ್ಕಳನ್ನು ಹಾಳುಮಾಡಿ ಹೋದಳು. ಇಂದಿಗೂ ನಮ್ಮೂರಿನಲ್ಲಿ ಅವರ ಹೆಸರು ಅದೇ. ತೆಲುಗು ಬಾರದ ಹೆಂಗಸಿಗೆ.

ಕೆಲವರು ಮಕ್ಕಳ ಮೇಲಿನ ಪ್ರೀತಿಯಿಂದ ಮೇಷ್ಟ್ರಾಗುತ್ತಾರೆ. ನಾನು ಹಟಕ್ಕೆ ಆದೆ. ಇಂಗ್ಲಿಷ್ ಎಂ.ಎ. ಮಾಡಿದ್ದು ದೊಡ್ಡಪ್ಪನನ್ನು ಒಂದು ದಿನ ಅವರಿಗೆ ಅರ್ಥವಾಗದ ಭಾಷೆಯಲ್ಲಿ ತರಾಟೆಗೆ ತೆಗೆದುಕೊಳ್ಳಬೇಕು ಎಂದು. ಅದಕ್ಕೆ ಫೀಸು ಕಟ್ಟಿದವರು ದೊಡ್ಡಪ್ಪನೇ. ಸ್ವಂತ ಮಗಳಿಗೆ ಬರೆಯಲು ಬಿಡದ ಪರೀಕ್ಷೆಗಳನ್ನು ತಮ್ಮನ ಮಗಳಿಗೆ ಒಂದೊಂದಾಗಿ ಬರೆಸಿದರು. ಅದು ಪಶ್ಚಾತ್ತಾಪವೋ, ಬಾಯಿ ಮುಚ್ಚಿಸುವ ದಾರಿಯೋ, ತಮ್ಮನ ಮೇಲಿನ ಪ್ರೀತಿಯೋ ನನಗೆ ತಿಳಿಯದು. ತಿಳಿಯದೆ ಇರುವುದು ಇನ್ನೂ ಹೆಚ್ಚು ಸಿಟ್ಟು ತರಿಸುತ್ತದೆ.

ನಾನು ತೀರಿಸಿಕೊಂಡ ಸೇಡುಗಳೆಲ್ಲ ಸಣ್ಣವು. ಮದುವೆಯ ಮನೆಗಳಲ್ಲಿ ಅವರ ಕಾಲಿಗೆ ಬೀಳದೆ ತಪ್ಪಿಸಿಕೊಂಡದ್ದು, ನಾಲ್ಕು ಜನರ ನಡುವೆ ಅವರ ಇಂಗ್ಲಿಷ್ ತಿದ್ದಿದ್ದು. ಒಂದು ಮಾತ್ರ ಸಣ್ಣದಲ್ಲ. ಎರಡು ವರ್ಷದ ಹಿಂದೆ ದೊಡ್ಡಪ್ಪ ತಮ್ಮ ಮೊಮ್ಮಗಳಿಗೆ, ಅಕ್ಕನ ಅಣ್ಣನ ಮಗಳಿಗೆ, ಇಂಗ್ಲಿಷ್ ಹೇಳಿಕೊಡು ಎಂದರು. ಐದನೇ ತರಗತಿಯ ಜಾಣ ಹುಡುಗಿ. ಭಾನುವಾರ ಭಾನುವಾರ ಬರುತ್ತಿದ್ದಳು. ನಾನು ಅವಳ ಮುಂದೆ ಹಾಳೆಯನ್ನು ಮೂರಾಗಿ ಮಡಚಿ, ಮನೆಯಲ್ಲಿ ತಾತ ಆಡಿದ ಮಾತುಗಳನ್ನು ಬರೆದುಕೊಂಡು ಬಾ ಎಂದೆ. ಮನೆಯವರೆಲ್ಲ ಆಡಿದ್ದಲ್ಲ, ತಾತ ಆಡಿದ್ದು. ಆರು ವಾರ ಆ ಹಾಳೆಗಳನ್ನು ಪೊಲೀಸಿನವರ ಹಾಗೆ ಓದಿದೆ. ಮಾತ್ರೆ ಎಲ್ಲಿಟ್ಟೆ, ನ್ಯೂಸ್ ಹಾಕು, ಮಗು ಊಟ ಮಾಡ್ತಾ. ಏಳನೆಯ ವಾರ ಒಂದು ಸಾಲು ಬಂತು. ತಾತ ಹೇಳಿದರು, ಚೆನ್ನಾಗಿ ಓದಮ್ಮ, ನಿಮ್ಮತ್ತೆ ಓದಲಿಲ್ಲ. ಅಕ್ಕ ಓದಲಿಲ್ಲವಂತೆ! ಆ ಸಾಲಿನ ಕೆಳಗೆ ಗೆರೆ ಎಳೆದೆ. ಅದೇ ಹೊತ್ತಿಗೆ, ಮಗುವಿನ ಕೈಯಿಂದ ಅರ್ಜಿ ಬರೆಸುತ್ತಿರುವವಳು ಈಗ ನಾನು ಎಂಬುದೂ ಕಂಡಿತು. ಅರ್ಜಿಯಲ್ಲಿ ದೊಡ್ಡಪ್ಪ ಮಿಸ್ ಮೇಲೆ ಹೊರಿಸಿದ ಆರೋಪವನ್ನು, ಮಿಸ್ ಎಂದೂ ಮಾಡದ ತಪ್ಪನ್ನು, ನಾನು ಮಾಡಿ ತೋರಿಸಿದ್ದೆ. ಆ ಹಾಳೆಗಳನ್ನು ಹರಿದು ಹಾಕಿದೆ. ಹುಡುಗಿಗೆ ಬಸ್ಸು, ಅಂಗಡಿ, ಹಸುಗಳ ಮಾತು ತರಲು ಹೇಳಿದೆ.

ತರಬೇತಿ ಮುಗಿದ ವಾರ, ಇಷ್ಟು ವರ್ಷ ಮಾಡದ ಕೆಲಸ ಮಾಡಿದೆ. ಮಿಸ್ ಎಲ್ಲಿದ್ದಾರೆಂದು ಹುಡುಕಿದೆ. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ತುಮಕೂರು ಕಡೆ ಅವರ ಕೊನೆಯ ಶಾಲೆಯಲ್ಲಿ ಜೊತೆಗಿದ್ದ ಶಿಕ್ಷಕಿಯೊಬ್ಬರು ಫೋನಿನಲ್ಲಿ ಸಿಕ್ಕರು. ಒಳ್ಳೆಯವರು, ಬಹಳ ಶಿಸ್ತು ಎಂದರು. ನಾನು ಹಾಳೆ ಮಡಚಿಸುವ ವಿಷಯ ಕೇಳಿದೆ. ಅವರಿಗೆ ಅರ್ಥವೇ ಆಗಲಿಲ್ಲ. "ಇಲ್ಲಪ್ಪ, ಅಂಥದ್ದೆಲ್ಲ ಮಾಡ್ತಿರಲಿಲ್ಲ ಅವ್ರು. ಗೈಡಲ್ಲಿರೋದು ಬಿಟ್ಟು ಒಂದಕ್ಷರ ಆಚೆ ಹೋಗ್ತಿರಲಿಲ್ಲ" ಎಂದರು.

ಅವರು ಸತ್ತದ್ದಕ್ಕಿಂತ ಇದು ಹೆಚ್ಚು ನೋಯಿಸಿತು. ನಮ್ಮೂರಿನ ಆಚೆಗೂ ಅವರು ಹದಿನೈದು ವರ್ಷ ಕಲಿಸಿದ್ದಾರೆ. ಎಷ್ಟು ಮಕ್ಕಳು ಯೆಸ್ ಮಿಸ್ ಎಂದು ಹೇಳಿ ಅವರ ಮುಂದೆ ಕೂತುಬಿಟ್ಟಿರಬೇಕು, ಅವರು ನೋಡಿಯೂ ನೋಡದವರಂತೆ ಗೈಡಿನ ಮುಂದಿನ ಉತ್ತರ ಬರೆಸಿರಬೇಕು...

ಈಗ ನಮ್ಮೂರಿನ ಶಾಲೆಗೆ ಇಂಗ್ಲಿಷ್ ಮಾಧ್ಯಮದ ವಿಭಾಗ ಬಂದಿದೆ. ಕಚೇರಿಯಿಂದ ಕಚೇರಿಗೆ ಓಡಾಡಿ ಅದನ್ನು ಮಂಜೂರು ಮಾಡಿಸಿದವರು ನಿವೃತ್ತ ದೊಡ್ಡಪ್ಪ. ಅವರಿಗೆ ಸನ್ಮಾನ, ಶಾಲೆಯ ಒಂದು ಸ್ಮರಣ ಸಂಚಿಕೆ. ನಮ್ಮ ಶಾಲೆಗೆ ಇಂಗ್ಲಿಷ್ ಬಂದ ಬಗೆ ಎಂಬ ವಿಷಯದ ಮೇಲೆ ನಾನು ಬರೆಯಬೇಕೆಂದು ಸಮಿತಿಯವರು ಕೇಳಿದರು. ಒಪ್ಪಿಕೊಂಡೆ. ಇದೇ ಆ ಲೇಖನ.

ಬರೆಯುವ ಮೊದಲು ಜಂಗಮಕೋಟೆಯ ಕಡೆಗೆ ಹೋಗಿ ಅಕ್ಕನನ್ನು ಕೇಳಿದೆ. ಅವಳು ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ನನ್ನ ಸಿಟ್ಟನ್ನೆಲ್ಲ ಕೇಳಿಸಿಕೊಂಡು, ಕೈ ನಿಲ್ಲಿಸದೆ, "ನಂಗೋಸ್ಕರ ಬರೀತೀಯೋ, ನಿಂಗೋಸ್ಕರವೋ?" ಎಂದಳು. ನಾನೂ ಒಂದು ಹಿಡಿ ಸೊಪ್ಪು ತೆಗೆದು ಹಾಕತೊಡಗಿದೆ. ಆ ತಟ್ಟೆ ಮುಗಿದ ಮೇಲೆ ಅವಳೇ, "ಬರಿ. ಹೆಸರು ಮಾತ್ರ ಹಾಕ್ಬೇಡ ಕಣೇ, ನನ್ ಮಗಳು ಓದ್ತಾಳೆ" ಎಂದಳು. ಮಗಳಿಗೆ ಹದಿನೈದು. ಈ ಸಲ ಹತ್ತನೇ ತರಗತಿ.

ಹೆಸರು ಯಾರದೂ ಹಾಕಿಲ್ಲ. ನಮ್ಮೂರಿನಲ್ಲಿ ಹೆಸರು ಹಾಕಬೇಕಾಗಿಯೂ ಇಲ್ಲ.

ಮುದ್ರಣಕ್ಕೆ ಕೊಡುವ ಮೊದಲು, ಇಲ್ಲಿಯವರೆಗೆ ಬರೆದದ್ದನ್ನು ದೊಡ್ಡಪ್ಪನಿಗೆ ಓದಿಹೇಳಲು ಹೋದೆ. ಅವರ ಕಣ್ಣು ಈಗ ಮಂಜು, ಸಣ್ಣ ಅಕ್ಷರ ಕಾಣುವುದಿಲ್ಲ. ಸನ್ಮಾನದ ಲೇಖನವೆಂದು ಖುಷಿಯಿಂದ, "ಓದು ಓದು, ನಿಧಾನವಾಗಿ ಓದು" ಎಂದು ಕುರ್ಚಿಯಲ್ಲಿ ನೇರವಾಗಿ ಕೂತರು. ಶೀಶೆಯ ಔಷಧಿಯ ಭಾಗ ಬಂದಾಗ ನಕ್ಕರು. ಹತ್ತನೆಯ ಮಾತು ಬಂದಾಗ ನಗು ನಿಂತಿತು. ನಾನು ನಿಲ್ಲಿಸಲಿಲ್ಲ. ಮಾನ್ಯರೆ ಎಂಬಲ್ಲಿಂದ ವಿನಂತಿ ಎಂಬವರೆಗೆ ಅವರ ವಾಕ್ಯಗಳನ್ನು ಅವರಿಗೇ, ಅವರು ಹೇಳಿಕೊಟ್ಟ ಪೂರ್ಣವಿರಾಮಗಳ ಸಮೇತ ಓದಿದೆ. ಆ ಹೊತ್ತಿನಲ್ಲಿ ನನಗೆ ಸಂತೋಷವಾಯಿತು. ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಮಿಸ್ ತೀರಿಕೊಂಡದ್ದು, ಗೈಡಿನ ವಿಷಯ ಓದುವಾಗ ಹಾಳೆಯನ್ನು ಮುಖಕ್ಕೆ ಹತ್ತಿರ ಹಿಡಿದುಕೊಂಡೆ. ಅವರ ಮುಖದಲ್ಲಿ ಏನಿತ್ತೆಂದು ಸರಿಯಾಗಿ ನೋಡಲಾಗಲಿಲ್ಲ.

ಓದಿ ಮುಗಿಸಿದಾಗ ಒಳಗೆ ದೊಡ್ಡಮ್ಮ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದರು. ಈ ಸಂಗತಿಗೆ ಸಾಕ್ಷಿಯಾಗಿ ಇನ್ನೂ ಬದುಕಿರುವ, ನನಗಿಂತ ಚೆನ್ನಾಗಿ ಎಲ್ಲ ಗೊತ್ತಿರುವ ಮನುಷ್ಯ ದೊಡ್ಡಪ್ಪ ಒಬ್ಬರೇ. ನನ್ನ ನೆನಪಿನ ಮೇಲೆ ನನಗೇ ಪೂರ್ತಿ ನಂಬಿಕೆಯಿಲ್ಲ. ಅದಕ್ಕೇ ಹಾಳೆಗಳನ್ನು ಅವರ ಮಡಿಲಲ್ಲಿ ಇಟ್ಟು ಕೇಳಿದೆ.

"ಇದ್ರಲ್ಲಿ ಯಾವುದು ಸುಳ್ಳು, ದೊಡ್ಡಪ್ಪ? ಹೇಳಿ, ತೆಗೆದುಬಿಡ್ತೀನಿ."

ಮೂರು ವಾರವಾಯಿತು. ಮುದ್ರಣದವರು ಎರಡು ಸಲ ಫೋನ್ ಮಾಡಿದ್ದಾರೆ. ದೊಡ್ಡಪ್ಪ ಇನ್ನೂ ಏನೂ ಹೇಳಿಲ್ಲ.